ವನಜಾ ನೋಡದೆ ಬಿಟ್ಟ ಕಾರುಗಳು

ಹೈದರಾಬಾದಿನ ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟೊಂದರ ಸೆಲ್ಲಾರ್‌ನಲ್ಲಿ, ಅಂದರೆ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ಟ್ಯೂಬ್‌ಲೈಟು ಇನ್ನೂ ಉರಿಯುತ್ತಿದೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕೋಚಿಂಗ್ ಕ್ಲಾಸಿಗೆ ಹೊರಟ ಹುಡುಗಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಗೇಟಿನ ಮುಂದೆ ಹಾದುಹೋಗುತ್ತಿದ್ದಾರೆ. ಮೂಲೆಯಲ್ಲಿ ನಿಂತ ಬೂದು ಬಣ್ಣದ ಸೆಡಾನ್ ಕಾರಿನ ಬಳಿಗೆ ಬಂದ ವನಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದೆ. ಮಾರುವವರು ವನಜಾ ಹೇಳಿದ ಮಾತು ಕೇಳಿದ್ದಾರೆ. ಇವರು ಬರುವ ಮೊದಲು ಗಾಡಿ ಚಾಲೂ ಮಾಡಿಲ್ಲ.

“ಬಿಸಿ ಇದ್ರ ನಾ ವಾಪಸ್ ಹೋಗಿಬಿಡ್ತೀನ್ರಿ,” ಎನ್ನುತ್ತಾರೆ ವನಜಾ. “ತಣ್ಣಗಿದ್ದಾಗ ಚಾಲೂ ಮಾಡಿದ್ರನ ಎಂಜಿನ್ ಹೆಂಗೈತಿ ಅನ್ನೂದು ಗೊತ್ತಾಗೂದು. ಕೆಲವರು ಮೊದಲ ಒಂದು ಸುತ್ತು ಓಡಿಸಿ ಇಟ್ಟಿರ್ತಾರ. ಆಗ ಎಲ್ಲಾ ಚಲೋನ ಕೇಳಿಸ್ತೈತಿ.”

ಹಳೆಯ ಕಾರು ಕೊಳ್ಳಲು ಹೊರಟವರ ಪರವಾಗಿ ಕಾರು ನೋಡಿ, ಕೊಳ್ಳಬಹುದೋ ಬಾರದೋ ಎಂದು ಹೇಳುವುದು ವನಜಾರ ಕೆಲಸ. ಹೈದರಾಬಾದಿನ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಅವರ ಫೋನ್ ನಂಬರ್ ಗೊತ್ತು, ಮುಖ ಗೊತ್ತಿಲ್ಲ. ಇವತ್ತು ಅವರನ್ನು ಕರೆಸಿರುವುದು ಉಡುಪಿ ಕಡೆಯ ಪ್ರಜ್ವಲ ಮತ್ತು ಸಿಂಚನಾ ದಂಪತಿ. ಇಬ್ಬರೂ ಐಟಿ ಉದ್ಯೋಗಿಗಳು. ಜತೆಗೆ ಸಿಂಚನಾರ ತಾಯಿಯೂ ಬಂದಿದ್ದಾರೆ. ಐದು ಜನ ಕೂರುವಂಥ, ಡಿಕ್ಕಿ ದೊಡ್ಡದಿರುವ, ಊರಿಗೆ ಹೋಗಿಬರಲು ಆಗುವ ಸೆಡಾನ್ ಬೇಕು ಎಂಬುದಷ್ಟೇ ಅವರ ಅಪೇಕ್ಷೆ.

ಕಾರಿನ ಬಾಗಿಲಿಗೆ ಕೈ ಹಾಕುವ ಮೊದಲು ವನಜಾ ಅವರತ್ತ ತಿರುಗುತ್ತಾರೆ. ಈವರೆಗೆ ಬೋಲ್ಟು, ಬೆಲ್ಟು ಎಂದು ಸಲೀಸಾಗಿ ಮಾತಾಡುತ್ತಿದ್ದವರ ದನಿ ಇಳಿಯುತ್ತದೆ. ಕಣ್ಣು ನೆಲದ ಕಡೆಗಿದೆ.

“ಕೆಲಸಕ್ಕ ಮುಂಚೆ ಒಂದು ಮಾತು ಹೇಳಬೇಕ್ರಿ. ನಾಗೋಲದಾಗ ಹಳೆ ಗಾಡಿ ಮಾರೂ ಚಂದ್ರಕಾಂತ ನನ್ನ ಸ್ವಂತ ಅಣ್ಣ. ಅವನ ಕಡಿಂದ ನೀರಾಗ ಮುಳುಗಿದ ಗಾಡಿ ಒಂದು, ನನ್ನ ಹೆಸರಿನ ಮ್ಯಾಲೆ ಒಬ್ಬರಿಗೆ ಹೋಗೈತಿ. ಇದು ಗೊತ್ತಾದ ಮ್ಯಾಲೂ ನಾನ ನೋಡಬೇಕಂದ್ರ ನೋಡ್ತೀನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ನೀವೇ ನೋಡಿ ಎಂದು ಸಿಂಚನಾ ಹೇಳಿದ ಮೇಲೆಯೇ ವನಜಾ ಬಾಗಿಲು ತೆರೆಯುವುದು. ಈ ಮಾತು ಕೇಳಿ ಹಿಂದೆ ಸರಿದವರೂ ಇದ್ದಾರಂತೆ. ಸರಿದರೆ ವನಜಾ ಬಂದ ದಾರಿಯಲ್ಲೇ ಬಸ್ಸು ಹಿಡಿಯುತ್ತಾರೆ.

ಆಮೇಲಿನದು ನೋಡುವಂಥ ಕೆಲಸ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು, ಎಂದೂ ಹೊರಗೆ ಬಾರದ ಆ ಕೊನೆಯ ಗೇಣನ್ನು ಬೆಳಕಿಗೆ ಹಿಡಿಯುತ್ತಾರೆ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯ ಗುಂಡಿಯಲ್ಲಿ ಬೆರಳಾಡಿಸುತ್ತಾರೆ. ಬಾಗಿಲಿನ ರಬ್ಬರು ಸ್ವಲ್ಪ ಕಿತ್ತು ಒಳಗಿನ ಬೆಸುಗೆ ನೋಡುತ್ತಾರೆ. ಮಂಡಿಯೂರಿ ಕೂತು ಸೀಟಿನ ಅಡಿಯ ಬೋಲ್ಟುಗಳಿಗೆ ಟಾರ್ಚು ಬಿಡುತ್ತಾರೆ. ಸಿಂಚನಾರ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಳಿಸಿ, ಮತ್ತೆ ಕೂರಿಸುತ್ತಾರೆ. ಸೆಡಾನ್ ತಗ್ಗು, ವಯಸ್ಸಾದವರಿಗೆ ಏಳುವಾಗ ತ್ರಾಸಾಗುತ್ತದೆ, ಅದನ್ನು ಕೊಳ್ಳುವ ಮೊದಲೇ ತಿಳಿಯಬೇಕು ಎಂಬುದು ಅವರ ವಾದ. ಕೊನೆಗೆ, ಪತ್ರಿಕೆಗೆ ಬರೆಯಲು ಬಂದ ನನ್ನನ್ನೂ ಸೇರಿಸಿ ಎಲ್ಲರನ್ನೂ ಹತ್ತಿಸಿಕೊಂಡು ಗಲ್ಲಿಯ ಹಂಪ್‌ಗಳ ಮೇಲೆ ಓಡಿಸುತ್ತಾರೆ. ಖಾಲಿ ಕಾರು ದಾಟುವ ಹಂಪು ಐದು ಜನ ಕೂತಾಗ ಹೊಟ್ಟೆಗೆ ತಾಗುತ್ತದೆಯೇ ಎಂದು ಕಿವಿಗೊಡುತ್ತಾರೆ. ಈ ಕಾರು ತಾಗಲಿಲ್ಲ. ಟೈರು ಬದಲಿಸಬೇಕು, ಮುಂದಿನ ಎಡಗಡೆಯ ಸಸ್ಪೆನ್ಷನ್ ಸದ್ದು ಮಾಡುತ್ತಿದೆ, ಉಳಿದಂತೆ ತಗೊಳ್ಳಬಹುದು ಎಂದು ಹೇಳಿ ಇಳಿಯುತ್ತಾರೆ.

ವನಜಾಗೆ ಈಗ ನಲವತ್ತಾರು. ಊರು ವಿಜಯಪುರ ಜಿಲ್ಲೆಯ ಸಿಂದಗಿ. ಮದುವೆಯಾಗಿ ಹೈದರಾಬಾದಿಗೆ ಬಂದವರು. ಗಂಡ ಮಲ್ಲಪ್ಪ ಬೇಗಂ ಬಜಾರ್‌ನ ಸಗಟು ಅಂಗಡಿಯೊಂದರಲ್ಲಿ ಮಾಲು ಇಳಿಸಿ ಏರಿಸುವವರ ಮೇಸ್ತ್ರಿ. ದಿಲ್‌ಸುಖ್‌ನಗರದ ಹಿಂದಿನ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಮನೆ. ಮಲ್ಲಪ್ಪನವರ ಬೆನ್ನು ಒಮ್ಮೆ ಹಿಡಿದುಕೊಂಡು ತಿಂಗಳುಗಟ್ಟಲೆ ಮಲಗುವಂತಾದಾಗ, ಮನೆ ನಡೆಸಲು ದಾರಿ ತೋರಿಸಿದ್ದು ಅಣ್ಣ ಚಂದ್ರಕಾಂತ.

ಚಂದ್ರಕಾಂತ ಆಗ ನಾಗೋಲದಲ್ಲಿ ತಗಡಿನ ಶೆಡ್ಡು ಹಾಕಿ ಗ್ಯಾರೇಜು ನಡೆಸುತ್ತಿದ್ದರು. ತಂಗಿಯನ್ನು ಫೋನ್ ಎತ್ತಲು, ಗಿರಾಕಿಗಳಿಗೆ ಉತ್ತರ ಹೇಳಲು ಕೂರಿಸಿದರು. ಸುಮ್ಮನೆ ಕೂತಿದ್ದಾಳೆ ಎಂದು ಒಂದೊಂದೇ ತೋರಿಸಿದರು. ಮೊದಲು ಕೆಳಗೆ ನೋಡು, ಬಣ್ಣ ಆಮೇಲೆ ನೋಡು ಎಂದರು. ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದೊಯ್ದು ಸ್ಟೀರಿಂಗ್ ಕೈಗೆ ಕೊಟ್ಟರು. ಸೀರೆ ಉಟ್ಟ ಹೆಂಗಸು ಕಾರಿನ ಅಡಿಗೆ ತೂರುವುದನ್ನು ನೋಡಿ ನಕ್ಕ ಮೆಕ್ಯಾನಿಕ್ ಒಬ್ಬನನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ವನಜಾ ಇದನ್ನೆಲ್ಲ ಹೇಳುವಾಗ ಎಲ್ಲಿಯೂ ಅವಸರ ಮಾಡುವುದಿಲ್ಲ.

ಕನ್ನಡ ಸಂಘದ ಪರಿಚಯದವರೊಬ್ಬರು ಒಮ್ಮೆ, ನಾನೊಂದು ಕಾರು ತಗೊಳ್ಳಬೇಕು, ನೀವು ಬಂದು ನೋಡಿ ಎಂದು ಕರೆದರು. ಅವರಿಂದ ಇನ್ನೊಬ್ಬರಿಗೆ, ಅಲ್ಲಿಂದ ವಾಟ್ಸ್‌ಆ್ಯಪ್ ಗುಂಪಿಗೆ ಹೆಸರು ಹರಡಿತು. ರಕ್ಷಣಾ ಇಲಾಖೆಯ ಘಟಕಗಳಿಗೆ ವರ್ಗವಾಗಿ ಬಂದವರು, ಹೊಸದಾಗಿ ಸಂಸಾರ ಹೂಡಿದ ಐಟಿಯವರು, ಎಲ್ಲರೂ ಕರೆಯತೊಡಗಿದರು. ವಾರಕ್ಕೆ ಏಳೆಂಟು ಕಾರು ನೋಡುವಷ್ಟು ಕೆಲಸವಾಯಿತು. ಅಷ್ಟು ಹೊತ್ತಿಗೆ ಚಂದ್ರಕಾಂತ ರಿಪೇರಿ ಬಿಟ್ಟು ಹಳೆಯ ಕಾರು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದಿದ್ದರು.

ಒಂದು ಮಳೆಗಾಲ ನಗರದ ತಗ್ಗು ಬಡಾವಣೆಗಳ ಸೆಲ್ಲಾರ್‌ಗಳಿಗೆ ನೀರು ನುಗ್ಗಿತು. ಚಾವಣಿಯವರೆಗೆ ಮುಳುಗಿದ ಕಾರುಗಳು ಹರಾಜಿನಲ್ಲಿ ಅಗ್ಗಕ್ಕೆ ಹೋದವು. ನೀರು ಕುಡಿದ ಕಾರನ್ನು ಬಿಚ್ಚಿ, ಒಣಗಿಸಿ, ಹೊಸ ಸೀಟು ಹೊದಿಸಿದರೆ ನೋಡಲು ಏನೂ ತಿಳಿಯುವುದಿಲ್ಲ. ವೈರುಗಳ ಒಳಗೆ ಕೂತ ಕೆಸರು ಮಾತ್ರ ತನ್ನ ಪಾಡಿಗೆ ತಿನ್ನುತ್ತಿರುತ್ತದೆ.

ಮೈಸೂರಿನವರಾದ ಹೇಮಂತ ರಕ್ಷಣಾ ಘಟಕವೊಂದರಲ್ಲಿ ತಂತ್ರಜ್ಞ. ಹೆಂಡತಿ ಶ್ರೀಲಕ್ಷ್ಮಿ, ಮಗಳು ಅನ್ವಿತಾ, ಮಂಡಿನೋವಿನ ತಾಯಿ. ಮರುವರ್ಷ ಬೇಸಿಗೆಯ ಹೊತ್ತಿಗೆ ಅವರು ಕಾರು ಹುಡುಕುತ್ತಿದ್ದರು. ವನಜಾರ ಹೆಸರು ಕೇಳಿದ್ದರು, ನಂಬರ್ ಸಿಕ್ಕಿರಲಿಲ್ಲ. ನಾಗೋಲದಲ್ಲಿ ಅವರ ಅಣ್ಣನದೇ ಅಂಗಳವಿದೆ ಎಂದು ಯಾರೋ ಹೇಳಿದರು. ಅಲ್ಲಿ ಬಿಳಿಯ ಸೆಡಾನ್ ಒಂದು ಇಷ್ಟವಾಯಿತು. ಒಮ್ಮೆ ವನಜಾ ಅವರಿಗೆ ತೋರಿಸಬೇಕಿತ್ತು ಎಂದು ಹೇಮಂತ ಅಂದಾಗ, ತಂಗಿ ನಿನ್ನೆಯೇ ನೋಡಿ ಹೋಗಿದ್ದಾಳೆ, ಗಾಡಿ ಚಲೋ ಐತಿ ಅಂದಿದ್ದಾಳೆ ಎಂದು ಚಂದ್ರಕಾಂತ ಹೇಳಿದರು. ಹೇಮಂತ ಅವತ್ತೇ ಕಾರು ಕೊಂಡರು.

ಎರಡು ತಿಂಗಳೂ ಆಗಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ದಿಲ್‌ಸುಖ್‌ನಗರದ ಮುಖ್ಯರಸ್ತೆಯಲ್ಲಿ, ಮೆಟ್ರೋ ಕಂಬಗಳ ಪಕ್ಕ ಕಾರು ಇದ್ದಕ್ಕಿದ್ದಂತೆ ನಿಂತಿತು. ಡ್ಯಾಶ್‌ಬೋರ್ಡಿನ ಅಡಿಯಿಂದ ಸುಟ್ಟ ವಾಸನೆ ಬಂತು, ಹೊಗೆ ಕಾಣಿಸಿತು. ಕಿಟಕಿಯ ಗಾಜು ಇಳಿಯಲಿಲ್ಲ. ಮಗುವಿದೆ ಎಂದು ಹಾಕಿದ್ದ ಚೈಲ್ಡ್ ಲಾಕಿನಿಂದ ಹಿಂದಿನ ಬಾಗಿಲು ಒಳಗಿನಿಂದ ತೆರೆಯಲಿಲ್ಲ, ವೈರು ಸುಟ್ಟು ಹೊರಗಿನಿಂದಲೂ ತೆರೆಯಲಿಲ್ಲ. ಹಿಂದೆ ಕೂತಿದ್ದ ಅಜ್ಜಿ ಮತ್ತು ಮೊಮ್ಮಗಳನ್ನು ಮುಂದಿನ ಸೀಟುಗಳ ನಡುವಿನಿಂದ ಎಳೆದು ಹೊರಗೆ ತರಬೇಕಾಯಿತು. ಅಂಗಡಿಗಳವರು ಓಡಿಬಂದು ನೆರವಾದರು. ಹುಡುಗಿ ಹೆದರಿದ್ದಳಷ್ಟೆ. ಅಜ್ಜಿಯ ನೋಯುವ ಮಂಡಿಯೇ ಮತ್ತೆ ಉಳುಕಿ, ಅವರು ವಾರಗಟ್ಟಲೆ ಹಾಸಿಗೆ ಹಿಡಿದರು.

ಆ ಸಂಜೆ ಹೇಮಂತ ಹೇಗೋ ನಂಬರ್ ಹುಡುಕಿ ವನಜಾಗೆ ಫೋನ್ ಮಾಡಿದರು. ಅವರು ಕೂಗಾಡಲಿಲ್ಲ ಎಂಬುದನ್ನು ವನಜಾ ಇವತ್ತಿಗೂ ನೆನೆಯುತ್ತಾರೆ. “ಮೇಡಂ, ನೀವು ನೋಡಿದ ಕಾರು ಅಂತ ನಂಬಿ ತಗೊಂಡ್ವಿ,” ಎಂದಷ್ಟೇ ಅಂದರಂತೆ.

ಯಾವ ಕಾರು ಎಂದು ವನಜಾ ಕೇಳಿದರು. ಬಣ್ಣ, ಕೊಂಡ ಜಾಗ ಎರಡನ್ನೂ ಹೇಮಂತ ಹೇಳಿದರು. ತಾನು ಆ ಕಾರನ್ನು ಕಣ್ಣಿಂದ ನೋಡಿಯೇ ಇಲ್ಲ ಎಂದು ವನಜಾ ಅವತ್ತೇ ಹೇಳಬಹುದಿತ್ತು. ಹೇಳದೆ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಫೋನ್ ಇಟ್ಟರು.

ಮರುದಿನ ಹೇಮಂತರ ಕ್ವಾರ್ಟರ್ಸ್ ಮುಂದೆ, ಟೋ ಮಾಡಿ ತಂದು ನಿಲ್ಲಿಸಿದ್ದ ಬಿಳಿ ಕಾರಿನ ಹಿಂದಿನ ಸೀಟ್ ಬೆಲ್ಟು ಪೂರ್ತಿ ಎಳೆದರು. ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಕಂದು ಗೆರೆ ಇತ್ತು. ಮುಂದೆ ನೋಡುವ ಅಗತ್ಯವಿರಲಿಲ್ಲ. ಬಾಗಿಲ ಬಳಿ ಹೇಮಂತ, ಶ್ರೀಲಕ್ಷ್ಮಿ ನಿಂತಿದ್ದರು. ಒಳಗೆ ಮಂಚದ ಮೇಲೆ ಅಜ್ಜಿ ಮಲಗಿದ್ದು ಕಾಣುತ್ತಿತ್ತು.

“ಈ ಗಾಡಿ ನಾ ನೋಡಿಲ್ರಿ. ಇದು ನಮ್ಮ ಅಣ್ಣನ ಕೆಲಸ,” ಎಂದು ಹೇಳಿದೆ ಎನ್ನುತ್ತಾರೆ ವನಜಾ. “ತಪ್ಪು ನನ್ನದಲ್ಲ ಅಂತ ಹೇಳಾಕತ್ತೀನಿ, ಆದ್ರ ಹೇಳಿದಂಗೆಲ್ಲಾ ನಾಚಿಕಿ ನನಗ ಆಗಾಕತ್ತಿತ್ತು. ಒಳಗ ಕರದು ನೀರು ಕೊಟ್ರು ಅವರು. ನನಗ ಕುಡ್ಯಾಕ ಆಗಲಿಲ್ಲ.”

ಅಲ್ಲಿಂದ ನೇರ ನಾಗೋಲಕ್ಕೆ ಹೋದರು. ಚಂದ್ರಕಾಂತ ಏನನ್ನೂ ಅಲ್ಲಗಳೆಯಲಿಲ್ಲ. ಕಾರನ್ನು ವಾರಗಟ್ಟಲೆ ಬಿಸಿಲಿಗೆ ಒಣಗಿಸಿದ್ದೆ, ಓಡುತ್ತಿತ್ತು, ಈ ವ್ಯಾಪಾರದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ ಎಂದರು. ವಾಪಸು ತಗೋ ಎಂದರೆ ಒಪ್ಪಲಿಲ್ಲ. ನನ್ನ ಹೆಸರು ಯಾಕೆ ಹೇಳಿದೆ ಎಂದು ತಂಗಿ ಕೇಳಿದಾಗ ಅವರಿಗೂ ಸಿಟ್ಟು ಬಂತು.

“ನಿನ್ನ ಹೆಸರು ಹೇಳಿದ್ರ ಏನಾತು? ಆ ಹೆಸರು ನಿನಗ ಮಾಡಿಕೊಟ್ಟಾಂವ ಯಾರು?”

ವನಜಾ ಎದ್ದು ಮನೆಗೆ ಬಂದರು. ಎರಡು ದಿನ ಬಿಟ್ಟು ಇನ್ನೊಮ್ಮೆ ಹೋದರು. ಅಣ್ಣ ಮುಖ ತಿರುಗಿಸಿ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಮನೆಗೆ ಮರಳಿದ ವನಜಾ, ಇನ್ನು ಸಂಘದ ಗುಂಪಿಗೆ ಹೇಳಿಬಿಡುತ್ತೇನೆ ಎಂದು ಗಂಡನ ಮುಂದೆ ಅಂದರು. ಇವತ್ತು ಬೇಡ, ನಾಳೆ ಹೇಳು, ರಾತ್ರಿ ಕಳೆಯಲಿ ಎಂದರು ಮಲ್ಲಪ್ಪ. ವನಜಾ ಕಾಯಲಿಲ್ಲ. ಅಡುಗೆಮನೆಯಲ್ಲಿ ನಿಂತು ಧ್ವನಿ ಸಂದೇಶ ಕಳಿಸಿಯೇಬಿಟ್ಟರು. ಚಂದ್ರಕಾಂತ ನನ್ನ ಅಣ್ಣ, ಅವನ ಅಂಗಳದ ಯಾವ ಗಾಡಿಯನ್ನೂ ನಾನು ನೋಡಿಲ್ಲ, ನೀರು ಹೊಕ್ಕ ಗಾಡಿಯೊಂದು ಅಲ್ಲಿಂದ ಹೋಗಿದೆ, ನನ್ನ ಹೆಸರು ಕೇಳಿ ಯಾರೂ ತಗೊಳ್ಳಬೇಡಿ ಎಂದು.

ಒಂದು ಗುಂಪಿಗೆ ಕಳಿಸಿದ್ದು ಹತ್ತು ಗುಂಪಿಗೆ ಹೋಯಿತು. ವಾರದೊಳಗೆ ಚಂದ್ರಕಾಂತ ಡ್ರೈವರ್ ಒಬ್ಬನನ್ನು ಕಳಿಸಿ ಬಿಳಿ ಕಾರನ್ನು ಟೋ ಮಾಡಿಸಿಕೊಂಡು ಹೋದರು. ಹೇಮಂತರಿಗೆ ಹಣ ಪೂರ್ತಿ ಮರಳಿತು. ಚಂದ್ರಕಾಂತ ಮಾತ್ರ ತಾವಾಗಿ ಬರಲಿಲ್ಲ. ತಂಗಿಯ ಜತೆ ಅವತ್ತಿನಿಂದ ಮಾತಿಲ್ಲ.

ಅಣ್ಣನ ಮನೆಯಲ್ಲೇ ಇರುವ ತಾಯಿ ಪಾರ್ವತಿಬಾಯಿ ಒಂದು ಮಧ್ಯಾಹ್ನ ಆಟೊ ಮಾಡಿಕೊಂಡು ಮಗಳ ಮನೆಗೆ ಬಂದರು. ಅವ್ವ ತನ್ನ ಪರವಾಗಿ ನಿಲ್ಲುತ್ತಾಳೆ ಎಂದುಕೊಂಡಿದ್ದರು ವನಜಾ. ಪಾರ್ವತಿಬಾಯಿ ಒಳಗೆ ಬರದೆ ಹೊಸ್ತಿಲ ಬಳಿಯೇ ಕೂತರು.

“ಅಂವ ತಪ್ಪು ಮಾಡ್ಯಾನ. ನೀ ಅದನ್ನ ಊರಿಗೆಲ್ಲಾ ಸಾರಿ ಬಂದಿ. ನಿಮ್ಮ ಇಬ್ಬರ ಮಾರಿ ನೋಡಾಕೂ ನನಗ ನಾಚಿಕಿ ಆಗ್ತೈತಿ,” ಎಂದು ಹೇಳಿ, ಚಹಾ ಕೂಡ ಕುಡಿಯದೆ ಎದ್ದು ಹೋದರು.

ಸತ್ಯ ಹೇಳಿದ್ದಕ್ಕೆ ವನಜಾರ ಕೆಲಸ ಹೆಚ್ಚಾಯಿತು ಎಂದು ಬರೆಯಲು ನನಗೂ ಆಸೆಯಿತ್ತು. ಆದದ್ದು ಬೇರೆ. ಸಂದೇಶ ಹತ್ತು ಬಾಯಿಗೆ ಬಿದ್ದು ಮಾತು ಅದಲು ಬದಲಾಯಿತು. ಮುಳುಗಿದ ಕಾರು ಕೊಡಿಸಿದ ಹೆಂಗಸು ಇವಳೇ ಎಂದು ಕೆಲವರು ತಿಳಿದರು. ತಿಂಗಳುಗಟ್ಟಲೆ ಫೋನೇ ಬರಲಿಲ್ಲ. ಈಗೀಗ ವಾರಕ್ಕೆ ನಾಲ್ಕೈದು ಕಾರು ನೋಡುವಷ್ಟಾಗಿದೆ. ಅದಕ್ಕೇ ಅವರು ಕೆಲಸಕ್ಕೆ ಮೊದಲೇ ತಮ್ಮ ಬಾಯಿಂದಲೇ ಎಲ್ಲ ಹೇಳಿಬಿಡುವುದು.

ಹೇಮಂತರ ಮನೆಯವರು ಆಮೇಲೆ ಶೋರೂಮಿನಿಂದ ಹೊಸ ಕಾರು ಕೊಂಡರು. ನಾನು ಫೋನ್ ಮಾಡಿದಾಗ ಶ್ರೀಲಕ್ಷ್ಮಿ ಮುಚ್ಚುಮರೆಯಿಲ್ಲದೆ ಮಾತಾಡಿದರು. “ಅವರ ತಪ್ಪಿಲ್ಲ ಅಂತ ನಮಗೆ ಗೊತ್ತು. ಆದ್ರೂ ಸಂಘದ ಕಾರ್ಯಕ್ರಮದಲ್ಲಿ ಅವರನ್ನ ನೋಡಿದ್ರೆ ನಾನು ಬೇರೆ ಸಾಲಿಗೆ ಹೋಗಿ ಕೂತ್ಕೋತೀನಿ. ನಮ್ಮತ್ತೆಯನ್ನ ಎಳೆದು ತೆಗೆದದ್ದೇ ಕಣ್ಮುಂದೆ ಬರತ್ತೆ. ಹಾಗೆ ಮಾಡ್ತೀನಲ್ಲ ಅಂತ ನನಗೇ ಬೇಜಾರು.”

ಇದನ್ನು ವನಜಾಗೆ ಹೇಳಬೇಕೋ ಬೇಡವೋ ತಿಳಿಯದೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಸಾಲು ಬದಲಿಸಿದ್ದನ್ನು ನೋಡಿದ್ದರಂತೆ. ನಾವಿಬ್ಬರೂ ಆಗ ನಾರಾಯಣಗೂಡದ ಒಂದು ಇರಾನಿ ಹೋಟೆಲಿನಲ್ಲಿ ಕೂತಿದ್ದೆವು. ಪ್ರಜ್ವಲ ದಂಪತಿ ಕಾರು ಕೊಳ್ಳುವ ಮಾತು ಮುಗಿಸಲು ಮಾರುವವರ ಮನೆಗೆ ಹೋಗಿದ್ದರು. ವನಜಾ ಕಪ್ಪಿನಿಂದ ಬಸಿಗೆ ಚಹಾ ಸುರಿದು ಆರಿಸುತ್ತ, ನಾನು ಕೇಳದಿದ್ದ ಮಾತೊಂದನ್ನು ಹೇಳಿದರು.

“ಆ ಮಳಿ ಆದ ಮ್ಯಾಲೆ ಅಣ್ಣ ಹರಾಜಿನ್ಯಾಗ ಗಾಡಿ ತಂದಾನ ಅಂತ ನನಗ ಕಿವಿಗೆ ಬಿದ್ದಿತ್ರಿ. ಅದಕ್ಕಿಂತ ಮೊದಲ ವಾರಕ್ಕೊಮ್ಮೆ ಅವನ ಅಂಗಳಕ್ಕ ಹೋಗ್ತಿದ್ದೆ. ಆಮ್ಯಾಲೆ ಹೋಗೂದು ಬಿಟ್ಟೆ. ಕೆಲಸ ಭಾಳ ಐತಿ ಅಂತ ಅವ್ವಗ ಹೇಳ್ತಿದ್ದೆ. ಹೋದ್ರ ಕಣ್ಣಿಗೆ ಬೀಳ್ತೈತಿ ಅಂತ ಹೋಗಲಿಲ್ಲ. ಮಂದಿ ಗಾಡಿ ಎಲ್ಲಾ ಕೆಳಗ ತೂರಿ ನೋಡಾಕಿ, ಅಣ್ಣನ ಗಾಡಿ ಅಷ್ಟ ನೋಡದ ಬಿಟ್ಟೆ. ಒಂದು ದಿನ ಹೋಗಿ ಒಂದು ಬೆಲ್ಟ್ ಎಳದಿದ್ರ ಸಾಕಿತ್ತು, ಆ ಅಜ್ಜಿ ಹಾಸಿಗಿ ಹಿಡೀತಿರಲಿಲ್ಲ. ಅಣ್ಣನೂ ಇಷ್ಟಕ್ಕ ಬರ್ತಿರಲಿಲ್ಲ.”

ನಾಗೋಲದ ಅಂಗಳಕ್ಕೆ ನಾನೂ ಹೋಗಿದ್ದೆ. ಕಾರುಗಳು ಈಗ ಕಡಿಮೆ. ನಿಂತಿರುವುದು ಹೆಚ್ಚಾಗಿ ದ್ವಿಚಕ್ರ ವಾಹನಗಳು. ಮುಂಗೂದಲು ನರೆತ ಚಂದ್ರಕಾಂತ ಕುರ್ಚಿ ಹಾಕಿ ಕೂರಿಸಿದರು. ಪತ್ರಿಕೆಯವನು, ವನಜಾ ಅವರ ಬಗ್ಗೆ ಬರೆಯುತ್ತಿದ್ದೇನೆ, ನಿಮ್ಮ ವಿಷಯವೂ ಬರುತ್ತದೆ ಎಂದೆ. ಎದ್ದು ಹೋಗೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎದುರಿನ ಗಾಡಿಯ ಕನ್ನಡಿಯನ್ನು ಒಂದು ಬಟ್ಟೆಯಿಂದ ಒರೆಸುತ್ತ ನಿಂತರು.

“ಬರೀರಿ. ಮಾಡಿದ್ದು ಮಾಡೀನಿ,” ಎಂದರು. “ಆದ್ರ ಆಕಿಗೆ ಗಾಡಿ ಬಿಡಾಕ ಕಲಿಸಿದಾಂವ ನಾನು. ಅದನ್ನೂ ಬರೀರಿ.”

ನಾನು ಗೇಟು ದಾಟುವಾಗ ಹಿಂದಿನಿಂದ ಕರೆದು, ಮಲ್ಲಪ್ಪನ ಬೆನ್ನು ಈಗ ಹೇಗಿದೆಯಂತೆ ಎಂದು ಮಾತ್ರ ಕೇಳಿದರು.

ಇರಾನಿ ಹೋಟೆಲಿನಲ್ಲಿ ಇದನ್ನೂ ವನಜಾಗೆ ಹೇಳಿದೆ. ಅವರು ಬಸಿಯನ್ನು ಮೇಜಿನ ಮೇಲಿಟ್ಟು, ಮುಖ ರಸ್ತೆಯ ಕಡೆಗೆ ತಿರುಗಿಸಿಕೊಂಡರು. ಕಾಲೇಜಿನ ಬಸ್ಸುಗಳು ಒಂದರ ಹಿಂದೆ ಒಂದು ಬರತೊಡಗಿದ್ದವು. ಅಷ್ಟರಲ್ಲಿ ಸಿಂಚನಾ ಫೋನ್ ಮಾಡಿ, ಮಾತುಕತೆ ಮುಗಿಯಿತು, ಕಾರು ತಗೊಂಡೆವು ಎಂದು ತಿಳಿಸಿದರು. ಟೈರು ಮರೀಬ್ಯಾಡ್ರಿ ಎಂದು ಹೇಳಿ ವನಜಾ ಫೋನ್ ಇಟ್ಟರು. ನಿಮ್ಮದೂ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ತಮ್ಮದೇ ಆದ ಒಂದು ಕಾರು ಎನ್ನಬಹುದೆಂದು ನನ್ನ ಲೆಕ್ಕ.

“ದೊಡ್ಡದೇನಿಲ್ರಿ,” ಎಂದರು. “ಅಣ್ಣ ಒಮ್ಮೆ ಮನಿಗೆ ಬರಬೇಕು. ಎದುರಿಗೆ ನಿಂತು ನನಗ ಬೈಬೇಕು. ಸಣ್ಣಾಕಿದ್ದಾಗ ಬೈತಿದ್ನಲ್ಲ, ಹಂಗ. ನಾನೂ ಬೈತೀನಿ ಅವಂಗ. ಎಲ್ಲಾ ಬೈದು ಮುಗಿದ ಮ್ಯಾಲೆ ಊಟ ಮಾಡಿಕೊಂಡು ಹೋಗಬೇಕು.”